ಕೆಂಪು ಕಾರಿಗೆ ಮೇಣ ಹಚ್ಚಿದ ಆರು ವಾರ

ನಿನ್ನೆ ಸಂಜೆ ಕೊನೆಯ ಬಟ್ಟೆ ಒಗೆದು ಒಣಗಲು ಹಾಕಿದೆ. ಆರು ವಾರದ ಕೆಲಸ ಮುಗಿಯಿತು. ಬಲ ಹೆಗಲು ಇನ್ನೂ ನೋಯುತ್ತಿದೆ, ಉಗುರಿನ ಸಂದಿಯಲ್ಲಿ ಕೆಂಪು ಬಣ್ಣ ಹಾಗೇ ಕೂತಿದೆ. ಎಲ್ಲ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ. ಹಳೆಯ ಕಾರಿಗೆ ಹಳೆಯ ಕ್ರಮದಲ್ಲೇ ಡಬ್ಬಿಯ ಮೇಣ ಹಚ್ಚಿ, ಕೈಯಲ್ಲಿ ಉಜ್ಜಿ ಹೊಳಪು ತರಬೇಕು ಅಂತ ಯಾರಾದರೂ ಹೊರಟಿದ್ದರೆ, ನಾನು ಎಡವಿದ ಜಾಗದಲ್ಲಿ ಅವರು ಎಡವದಿರಲಿ.

ಕಾರು ನನ್ನ ಸೋದರಮಾವನದು. 1986ರದು, ಅಚ್ಚ ಕೆಂಪು. ಮಾವನಿಗೆ ಕಣ್ಣು ಮಂಜಾಗಿ ಎರಡು ವರ್ಷವಾಯಿತು. ಓಡಿಸುವುದು ಬಿಟ್ಟ ಮೇಲೆ ಕೀಲಿಯನ್ನು ನನ್ನ ಕೈಗಿಟ್ಟು, "ಇನ್ನು ಇದು ನಿಂದು ಪುಟ್ಟಾ, ಮಾರಬೇಡ" ಅಂದರು.

ನಾನು ಚಿಕ್ಕವಳಿದ್ದಾಗ ಮಾವ ವರ್ಷಕ್ಕೆ ನಾಲ್ಕು ಸಲ ಈ ಕಾರಿಗೆ ಮೇಣ ಹಚ್ಚುತ್ತಿದ್ದರು. ಡಬ್ಬಿ ಹಿಡಿದು ನಿಲ್ಲುವುದು ನನ್ನ ಕೆಲಸ. ಬೂಟ್ ಪಾಲಿಶ್ ಡಬ್ಬಿಗೆ ಇರುತ್ತಲ್ಲ, ಹಾಗೆ ಪಕ್ಕದಲ್ಲಿ ಒಂದು ತಿರುಗಿಸುವ ಕಿವಿ. ಅದನ್ನು ತಿರುಗಿಸಿದರೆ ಮುಚ್ಚಳ ಟಪ್ ಅಂತ ಏಳುತ್ತಿತ್ತು, ಟರ್ಪೆಂಟೈನ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಮಾವ ಒದ್ದೆ ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡು, ಡಬ್ಬಿಯಲ್ಲಿ ಒಂದೇ ಒಂದು ಸುತ್ತು ತಿರುಗಿಸಿ, ಬಾನೆಟ್ ಮೇಲೆ ಹಚ್ಚುತ್ತಿದ್ದರು. ಒಣಗಿ ಬೆಳ್ಳಗಾದ ಮೇಲೆ ಒರೆಸಿದರೆ ಅದರ ಅಡಿಯಿಂದ ಕೆಂಪು ಎದ್ದು ಬರುತ್ತಿತ್ತು. ಆ ಒಂದು ಗಳಿಗೆಗಾಗಿಯೇ ನಾನು ಮಧ್ಯಾಹ್ನವೆಲ್ಲ ಕಾಯುತ್ತಿದ್ದೆ.

ಕೀಲಿ ನನ್ನ ಕೈಗೆ ಬಂದಾಗ ಆ ಕೆಂಪು ಇರಲಿಲ್ಲ. ಹತ್ತು ವರ್ಷ ಯಾರೂ ಮೇಣ ಹಚ್ಚಿರಲಿಲ್ಲ. ಬಾನೆಟ್ಟು, ಮೇಲ್ಛಾವಣಿ ಎರಡೂ ಬಿಳಿಚಿ ಗುಲಾಬಿಯಾಗಿದ್ದವು. ಕೈ ಸವರಿದರೆ ಅಂಗೈಗೆ ಸೀಮೆಸುಣ್ಣದಂಥ ಪುಡಿ ಹತ್ತುತ್ತಿತ್ತು.

ಮೊದಲು ಹೋಗಿದ್ದು ಒಂದು ಡೀಟೇಲಿಂಗ್ ಅಂಗಡಿಗೆ, ಅಂದರೆ ಕಾರಿನ ಮೈಗೆ ಹೊಳಪು ತರಿಸಿಕೊಡುವವರ ಹತ್ತಿರ. ಸಮಯ ಕೊಟ್ಟಿದ್ದು ಎಂಟು ದಿನದ ನಂತರ. ಅಲ್ಲಿದ್ದ ಹುಡುಗ ಒಳ್ಳೆಯವನು. ಬಣ್ಣದ ದಪ್ಪ ಅಳೆಯುವ ಸಾಧನ ತಂದು ಕಾರಿನ ಸುತ್ತ ಇಪ್ಪತ್ತು ಕಡೆ ಇಟ್ಟು ನೋಡಿದ. ಹೆಚ್ಚಿನ ಕಡೆ 100ರಿಂದ 120 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ಬಾನೆಟ್ಟಿನ ನಡುವೆ ಇರುವ ಏಣಿನ ಹತ್ತಿರ 70ಕ್ಕೂ ಕಡಿಮೆ. ಎಡಗಡೆ ಹಿಂದಿನ ಬಾಗಿಲಲ್ಲಿ ಮಾತ್ರ 400 ದಾಟಿತು. "ಇಲ್ಲಿ ಪುಟ್ಟಿ ಇದೆ ಮೇಡಂ, ಯಾವಾಗಲೋ ಡ್ಯಾಶ್ ಆಗಿದೆ" ಅಂದ. ಆಮೇಲೆ ಒಂದು ಕಾಗದ ಕೊಟ್ಟರು. ಪೂರ್ತಿ ಹೊಸ ಬಣ್ಣ, ಇಲ್ಲವೇ ಮಷೀನಲ್ಲಿ ಪಾಲಿಶ್ ಮಾಡಿ ಸೆರಾಮಿಕ್ ಕೋಟಿಂಗ್, ಅಂದರೆ ಬಣ್ಣದ ಮೇಲೆ ಗಾಜಿನಂಥ ಗಟ್ಟಿ ಲೇಪ. ಅದರಲ್ಲಿದ್ದ ಮೊತ್ತ ಈ ಕಾರು ಮಾರಿದರೂ ಬರುವಂಥದ್ದಲ್ಲ. ಬರೀ ಮೇಣ ಹಚ್ಚಿಕೊಡ್ತೀರಾ ಅಂತ ಕೇಳಿದೆ. ಅದನ್ನು ಈಗ ನಾವು ಮಾಡೋದೇ ಇಲ್ಲ, ಎರಡು ತಿಂಗಳಿಗೆ ಹೋಗಿಬಿಡುತ್ತೆ ಅಂದರು.

ಅವರು ಹೇಳಿದ್ದು ಸುಳ್ಳಲ್ಲ. ಒಳ್ಳೆಯ ಮೇಣವೂ ಆರರಿಂದ ಎಂಟು ವಾರ ಇದ್ದರೆ ಹೆಚ್ಚು. ಸೆರಾಮಿಕ್ ವರ್ಷಗಟ್ಟಲೆ ಬರುತ್ತದೆ. ಆದರೆ ಅಲ್ಲಿಂದ ಬಂದ ಮೇಲೆ ಓದಿ, ಕೇಳಿ ತಿಳಿದ ಒಂದು ವಿಷಯ ಎಲ್ಲವನ್ನೂ ಬದಲಿಸಿತು. ಹಳೆಯ ಕಾರು ಇಟ್ಟುಕೊಂಡವರು ಇದನ್ನು ತಿಳಿದಿರಲೇಬೇಕು.

ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಇನ್ನೊಂದು ಪಾರದರ್ಶಕ ಪದರ ಇರುತ್ತದೆ. ಅದೇ ಕ್ಲಿಯರ್ ಕೋಟ್. ಸಾಮಾನ್ಯವಾಗಿ 40-50 ಮೈಕ್ರಾನ್ ಅಷ್ಟೇ, ನಮ್ಮ ತಲೆಕೂದಲಿಗಿಂತ ತೆಳು. ಹೊಳಪು ಇರುವುದು ಆ ಪದರದಲ್ಲಿ. 1980ರ ದಶಕದ ಎಷ್ಟೋ ಕಾರುಗಳಿಗೆ, ಅದರಲ್ಲೂ ಮೆಟಾಲಿಕ್ ಅಲ್ಲದ ಬಣ್ಣಗಳಿಗೆ, ಈ ಪದರವೇ ಇಲ್ಲ. ಬಣ್ಣವೇ ಮೇಲ್ಮೈ. ಬಿಸಿಲು, ಗಾಳಿ ನೇರವಾಗಿ ಬಣ್ಣವನ್ನೇ ತಿನ್ನುತ್ತವೆ. ಅಂಥ ಬಣ್ಣ ಒಣಗಿ ಬಿರುಸಾಗಿರುತ್ತದೆ. ಅದಕ್ಕೆ ಮೊದಲು ಎಣ್ಣೆ ಬೇಕು. ಸೆರಾಮಿಕ್ ಹಚ್ಚುವ ಮುಂಚೆ ಮೇಲ್ಮೈಯಲ್ಲಿ ಎಣ್ಣೆಯ ಅಂಶವೇ ಉಳಿಯದಂತೆ ಆಲ್ಕೋಹಾಲ್‌ನಿಂದ ಒರೆಸಬೇಕು. ಅಂದರೆ ಈ ಬಣ್ಣಕ್ಕೆ ಬೇಕಾಗಿದ್ದು ಒಂದು, ಆ ಕೋಟಿಂಗಿಗೆ ಬೇಕಾಗಿದ್ದು ಅದರ ತದ್ವಿರುದ್ಧ.

ಮಾವನಿಗೆ ಇದನ್ನು ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಅದಕ್ಕೇ ಅಲ್ವಾ ನಾನು ಮೊದಲು ಎಣ್ಣೆ ಕುಡಿಸ್ತಿದ್ದದ್ದು? ಆಮೇಲೆ ತಾನೆ ಮೇಣ" ಅಂದರು. ಆವತ್ತೇ ತೀರ್ಮಾನವಾಯಿತು.

ಮಾವನ ಷೆಡ್ಡಿನ ಅಟ್ಟದಲ್ಲಿ ಆ ಹಳೆಯ ಡಬ್ಬಿ ಸಿಕ್ಕಿತು. ಮುಚ್ಚಳದ ಒಳಗಡೆ ಮೇಣ ಹಚ್ಚಿದ ತಾರೀಖುಗಳನ್ನು ಬಾಲ್‌ಪೆನ್ನಿನಲ್ಲಿ ಬರೆದಿದ್ದರು, ಒಂದರ ಕೆಳಗೊಂದು, ಇರುವೆ ಸಾಲಿನ ಹಾಗೆ. ಅದನ್ನು ನೋಡಿ ನನಗೆ ಬೇರೆ ಮೇಣ ಬೇಡವೇ ಬೇಡ ಅನ್ನಿಸಿಬಿಟ್ಟಿತು. ಒಳಗಿದ್ದ ಮೇಣ ಮಾತ್ರ ಬಿರುಕು ಬಿಟ್ಟು, ಅಂಚಿನಿಂದ ಬೇರ್ಪಟ್ಟು, ಕಲ್ಲಾಗಿತ್ತು. ಡಬ್ಬಿಯನ್ನು ಬಿಸಿನೀರಿನಲ್ಲಿಟ್ಟು ಮೆತ್ತಗೆ ಮಾಡಲು ಅರ್ಧ ದಿನ ಕಳೆದೆ. ಕರಗಲಿಲ್ಲ. ಕಾರಣ ಆಮೇಲೆ ತಿಳಿಯಿತು. ಡಬ್ಬಿಯಲ್ಲಿದ್ದದ್ದು ಕಾರ್ನೌಬಾ ಮೇಣ. ಅದು ಬರುವುದು ಬ್ರೆಜಿಲ್‌ನ ಈಶಾನ್ಯ ಭಾಗದ ಒಂದು ತಾಳೆ ಜಾತಿಯ ಮರದ ಎಲೆಯಿಂದ. ಎಲೆ ಕಡಿದು ಒಣಗಿಸಿ ಬಡಿದರೆ ಮೇಣ ಪುಡಿಯಾಗಿ ಉದುರುತ್ತದೆ. ಅದು ಕರಗುವುದು 82ರಿಂದ 86 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಜೇನುಮೇಣಕ್ಕೆ 62-64 ಡಿಗ್ರಿ ಸಾಕು. ಬರೀ ಕಾರ್ನೌಬಾ ಇಟ್ಟಿಗೆಯಷ್ಟು ಗಟ್ಟಿ. ಟರ್ಪೆಂಟೈನ್ ಥರದ ದ್ರಾವಕ ಸೇರಿಸಿದರೆ ಮಾತ್ರ ಕೈಯಲ್ಲಿ ಹಚ್ಚುವ ಹಾಗಾಗುತ್ತದೆ. ವರ್ಷಗಳಲ್ಲಿ ಆ ದ್ರಾವಕ ಆರಿಹೋಗಿತ್ತು. ಉಳಿದದ್ದು ಬರೀ ಕಲ್ಲು.

ಇಂಥ ಡಬ್ಬಿಯನ್ನು ಯಾರೂ ಒಲೆಯ ಮೇಲೆ ಇಡಬೇಡಿ. ಒಳಗೆ ದ್ರಾವಕ ಸ್ವಲ್ಪ ಉಳಿದಿದ್ದರೂ ಬೆಂಕಿ ಹೊತ್ತಿಕೊಳ್ಳುತ್ತದೆ. ನಾನು ಹೊಸ ಕಾರ್ನೌಬಾ ಪೇಸ್ಟ್ ತರಿಸಿದೆ. ಅದು ಕೈ ಸೇರಲು ಒಂಬತ್ತು ದಿನ. "100 ಪರ್ಸೆಂಟ್ ಕಾರ್ನೌಬಾ" ಅಂತ ಡಬ್ಬಿಯ ಮೇಲೆ ಇದ್ದರೆ ಡಬ್ಬಿಯಲ್ಲಿರುವುದೆಲ್ಲ ಅದೇ ಅಂದುಕೊಳ್ಳಬೇಡಿ. ಹಾಗಿದ್ದರೆ ಅದನ್ನು ಹಚ್ಚಲು ಬರುತ್ತಲೇ ಇರಲಿಲ್ಲ.

ಆ ಒಂಬತ್ತು ದಿನದಲ್ಲಿ ಕಾಗದಪತ್ರ ಹುಡುಕಿದೆ. ಇದನ್ನು ಕಡೆಗಣಿಸಬೇಡಿ. ಮಾವ ಸರ್ವಿಸ್ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಎಲ್ಲ ಬರೆದಿಟ್ಟಿದ್ದರು. ಹಿಂದಿನ ಬಾಗಿಲಿಗೆ ಪುಟ್ಟಿ ಹಾಕಿ ಬಣ್ಣ ಹೊಡೆಸಿದ್ದು 1994ರಲ್ಲಿ. ಅದೊಂದು ಸಾಲು ನನಗೆ ಬಹಳ ಉಪಯೋಗಕ್ಕೆ ಬಂತು. ಆ ಬಾಗಿಲಿನ ಬಣ್ಣ ಬೇರೆ, ಅದು ಬೇರೆ ಥರ ನಡೆದುಕೊಳ್ಳುತ್ತದೆ ಅಂತ ಮುಂಚೆಯೇ ಗೊತ್ತಾಯಿತು. ಇನ್ನೊಂದು, ಬಣ್ಣದ ಸಂಕೇತ ಸಂಖ್ಯೆ. ಬಾನೆಟ್ ಕೆಳಗೆ ರಿವೆಟ್ ಹೊಡೆದ ಒಂದು ತಗಡಿನ ಪಟ್ಟಿಯಲ್ಲಿ ಒತ್ತಿದ್ದರು. ಎಣ್ಣೆ ಜಿಡ್ಡು, ಧೂಳು ಕೂತು ಒಂದಕ್ಷರವೂ ಕಾಣುತ್ತಿರಲಿಲ್ಲ. ಗೀರಿ ತೆಗೆಯಲು ಹೋದರೆ ಅಕ್ಷರವೇ ಅಳಿಸೀತು. ತೆಳ್ಳಗಿನ ಕಾಗದ ಇಟ್ಟು ಮೇಲೆ ಪೆನ್ಸಿಲ್ ಮಲಗಿಸಿ ಉಜ್ಜಿದೆ. ಮಕ್ಕಳು ನಾಣ್ಯದ ಅಚ್ಚು ತೆಗೆಯುತ್ತಾರಲ್ಲ, ಹಾಗೆ. ಸಂಖ್ಯೆ ಸ್ಪಷ್ಟವಾಗಿ ಮೂಡಿತು.

ಎರಡನೆಯ ವಾರ ತೊಳೆದೆ. ಇಲ್ಲಿ ಮಾವನಿಗೂ ನನಗೂ ಸ್ವಲ್ಪ ಜಟಾಪಟಿ. ಅವರ ಕಾಲದಲ್ಲಿ ಒಂದೇ ಬಕೆಟ್ಟು. ಕೊನೆಯ ನೀರಿಗೆ ಒಂದು ಮುಚ್ಚಳ ಸೀಮೆಎಣ್ಣೆ. ನೀರು ಜಾರಿ ಹೋಗುತ್ತೆ, ಮಿಂಚುತ್ತೆ ಅಂತ. ಮಿಂಚುವುದೇನೋ ನಿಜ, ಆದರೆ ಆ ಜಿಡ್ಡಿಗೆ ಮರುದಿನವೇ ಧೂಳು ಹಿಡಿಯುತ್ತದೆ, ರಬ್ಬರ್ ಪಟ್ಟಿಗಳೂ ಹಾಳಾಗುತ್ತವೆ. ನಾನು ಎರಡು ಬಕೆಟ್ ಇಟ್ಟೆ. ಒಂದರಲ್ಲಿ ಕಾರು ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಕೈಗವಸನ್ನು ಪ್ರತಿ ಸಲ ಬರೀ ನೀರಿನಲ್ಲಿ ಜಾಲಿಸಿ ಆಮೇಲೆ ಶಾಂಪೂಗೆ ಅದ್ದಬೇಕು. ಕೆಲಸ ಮುಗಿದ ಮೇಲೆ ಆ ಎರಡನೆಯ ಬಕೆಟ್ಟಿನ ತಳದಲ್ಲಿ ಒಂದು ಬೆರಳು ಮರಳು ಕೂತಿತ್ತು. ಮಾವನ ಕೈ ಹಿಡಿದು ಅದರಲ್ಲಿ ಅದ್ದಿಸಿದೆ. ಬೆರಳಲ್ಲಿ ಮರಳನ್ನು ತಿಕ್ಕಿ ನೋಡಿ, "ಇಷ್ಟನ್ನೂ ನಾನು ಬಣ್ಣದ ಮೇಲೆ ಉಜ್ಜಿದ್ದೀನಾ?" ಅಂತ ಮೆಲ್ಲಗೆ ಕೇಳಿದರು. ನನಗೆ ಪಾಪ ಅನ್ನಿಸಿತು. ಆ ಕಾಲದಲ್ಲಿ ಅದನ್ನು ಹೇಳುವವರು ಯಾರಿದ್ದರು?

ಶಾಮಿ ಲೆದರ್ ಮಾತ್ರ ಅವರದೇ ಬಳಸಿದೆ. ಶಾಮಿ ಅಂದರೆ ಹಿಂದೆ ಒಂದು ಬಗೆಯ ಕಾಡುಮೇಕೆಯ ಚರ್ಮ, ಈಗ ಹೆಚ್ಚಾಗಿ ಕುರಿಯದು, ಮೀನಿನ ಎಣ್ಣೆಯಲ್ಲಿ ಹದ ಮಾಡಿದ್ದು. ಒಣಗಿ ಹಲಗೆಯಾಗಿದ್ದದ್ದು ಉಗುರುಬೆಚ್ಚಗಿನ ನೀರಿನಲ್ಲಿ ಇಪ್ಪತ್ತು ನಿಮಿಷ ನೆನೆದ ಮೇಲೆ ಮತ್ತೆ ಮೆತ್ತಗಾಯಿತು. ಅದನ್ನು ಉಜ್ಜಬಾರದು. ಹರಡಿ, ಎರಡು ತುದಿ ಹಿಡಿದು ನಿಧಾನಕ್ಕೆ ಎಳೆಯಬೇಕು. ನೀರೆಲ್ಲ ಹಿಂದೆ ಹಿಂದೆ ಬರುತ್ತದೆ.

ತೊಳೆದ ಮೇಲೆ ತೆಳ್ಳಗಿನ ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಬಣ್ಣದ ಮೇಲೆ ಆಡಿಸಿ ನೋಡಿ. ಬರಿಗೈಗೆ ಗೊತ್ತಾಗದ ತರಿತರಿಯೆಲ್ಲ ಚೀಲದೊಳಗಿನ ಬೆರಳಿಗೆ ಗೊತ್ತಾಗುತ್ತದೆ. ಅದನ್ನು ತೆಗೆಯಲು ಕ್ಲೇ ಬಾರ್ ಅಂತ ಜೇಡಿಮಣ್ಣಿನಂಥ ಮೆತ್ತನೆಯ ತುಂಡು ಇದೆ, ನುಣುಪು ದ್ರವ ಸಿಂಪಡಿಸಿಕೊಂಡೇ ಆಡಿಸಬೇಕು. ಅದು ಕೆಳಗೆ ಬಿದ್ದರೆ ಬಿಸಾಡಿ. ಎಷ್ಟು ದುಡ್ಡು ಕೊಟ್ಟಿದ್ದರೂ ಬಿಸಾಡಿ, ಅಂಟಿದ ಒಂದು ಕಲ್ಲಿನ ಚೂರು ಸಾಕು ಬಾನೆಟ್ ತುಂಬ ಗೀರು ಬರೆಯಲು.

ಮೂರನೆಯ ವಾರ ಡಿಕ್ಕಿಯ ಅಂಚಿನಲ್ಲಿ, ಯಾರಿಗೂ ಕಾಣದ ಜಾಗದಲ್ಲಿ, ಅಂಗೈಯಷ್ಟು ಪರೀಕ್ಷೆ ಮಾಡಿದೆ. ಬಿಳಿ ಬಟ್ಟೆಗೆ ಸ್ವಲ್ಪ ಪಾಲಿಶ್ ಹಾಕಿ ನಾಲ್ಕು ಸುತ್ತು ಉಜ್ಜಿದೆ ಅಷ್ಟೇ. ಬಟ್ಟೆ ರಕ್ತದಲ್ಲಿ ಅದ್ದಿದ ಹಾಗೆ ಕೆಂಪಾಯಿತು. ಕೈಕಾಲು ತಣ್ಣಗಾದವು. ಬಣ್ಣವನ್ನೇ ಕಿತ್ತುಬಿಟ್ಟೆ ಅಂದುಕೊಂಡೆ. ಒಳಗೆ ಓಡಿಹೋಗಿ ಮಾವನಿಗೆ ಹೇಳಿದರೆ ಅವರು, "ಬಂತಾ ಕೆಂಪು? ಹಾಗಾದ್ರೆ ಸರಿ ಇದೆ" ಅಂದರು.

ನಿಜ. ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಮೇಲೆ ಕ್ಲಿಯರ್ ಕೋಟ್ ಇಲ್ಲ ಅಂತ ಅರ್ಥ. ಹೋಗುತ್ತಿರುವುದು ಬಿಸಿಲಿಗೆ ಸತ್ತ ಪುಡಿ. ಬಟ್ಟೆ ಬೆಳ್ಳಗೇ ಉಳಿದರೆ ಕ್ಲಿಯರ್ ಕೋಟ್ ಇದೆ ಅಂತ. ಕೆಲಸ ಶುರು ಮಾಡುವ ಮುಂಚೆ ಈ ಪರೀಕ್ಷೆ ಮಾಡಲೇಬೇಕು, ಕಾರಿನ ಪ್ರತಿ ಭಾಗಕ್ಕೂ ಬೇರೆ ಬೇರೆಯಾಗಿ. ನಮ್ಮ ಕಾರಿನಲ್ಲಿ ಎಲ್ಲ ಕಡೆ ಕೆಂಪು ಬಂತು, 1994ರ ಬಾಗಿಲಲ್ಲಿ ಬರಲಿಲ್ಲ. ಅದರ ಮೇಲೆ ಕ್ಲಿಯರ್ ಕೋಟ್ ಹೊಡೆದಿದ್ದರು.

ಆಮೇಲೆ ಎಣ್ಣೆ ಕುಡಿಸುವ ಕೆಲಸ. ಇದಕ್ಕೆ ಗ್ಲೇಜ್ ಅನ್ನುತ್ತಾರೆ. ಸವೆಸುವ ಕಣವಿಲ್ಲದ, ಎಣ್ಣೆಯಂಶ ಜಾಸ್ತಿ ಇರುವ ದ್ರವ. ಮೆಗ್ವಯರ್ಸ್‌ನವರ ನಂಬರ್ 7 ಈ ಕೆಲಸಕ್ಕೆ ಹಳಬರೆಲ್ಲ ಹೇಳುವ ಹೆಸರು. ಆ ಕಂಪನಿ 1901ರಲ್ಲಿ ಶುರುವಾಗಿದ್ದು ಪೀಠೋಪಕರಣದ ಪಾಲಿಶ್ ಮಾಡಿ. ಮೊದಲ ಕಾರುಗಳನ್ನು ಕುದುರೆಗಾಡಿಗಳ ಹಾಗೆಯೇ ವಾರ್ನಿಷ್ ಹೊಡೆದು ತಯಾರಿಸುತ್ತಿದ್ದರು, ಹಾಗಾಗಿ ಮರಕ್ಕೆ ಹಾಕುವ ಪಾಲಿಶ್ಶೇ ಕಾರಿಗೂ ಬಂತು. ಒರಟು ಹತ್ತಿ ಟವೆಲ್ಲಿನಲ್ಲಿ ದಪ್ಪಗೆ ಹಚ್ಚಿ, ಚೆನ್ನಾಗಿ ತಿಕ್ಕಿ, ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನೋಡಿದರೆ ಮೇಲ್ಛಾವಣಿಯ ಮೇಲೆ ಒದ್ದೆಯೇ ಇಲ್ಲ, ಎಲ್ಲ ಹೀರಿಕೊಂಡಿತ್ತು. ಒರೆಸಿ ಮತ್ತೆ ಹಚ್ಚಿದೆ. ಬಾನೆಟ್ಟಿಗೆ ಮೂರು ಸಲ, ಛಾವಣಿಗೆ ನಾಲ್ಕು ಸಲ. ನಾಲ್ಕನೆಯ ಬೆಳಿಗ್ಗೆ ಒರೆಸುವಾಗ ಗುಲಾಬಿ ಹೋಗಿತ್ತು. ಗಾಢ ಕೆಂಪು, ನಾನು ಡಬ್ಬಿ ಹಿಡಿದು ನಿಂತಿದ್ದಾಗ ನೋಡಿದ್ದ ಅದೇ ಕೆಂಪು. ಅಲ್ಲೇ ಕೂತು ಅತ್ತುಬಿಟ್ಟೆ.

ಇಲ್ಲಿಗೆ ನಿಲ್ಲಿಸಿ ಕೈಯಲ್ಲೇ ಮುಂದುವರಿದಿದ್ದರೆ ಚೆನ್ನಾಗಿತ್ತು. ಆದರೆ ಹೆಗಲು ಸೋತಿತ್ತು. ಸ್ನೇಹಿತರೊಬ್ಬರ ಹತ್ತಿರ ಉಣ್ಣೆ ಪ್ಯಾಡನ್ನು ಗಿರಗಿರ ತಿರುಗಿಸಿ ಪಾಲಿಶ್ ಮಾಡುವ ರೋಟರಿ ಮಷೀನ್ ಇತ್ತು, ತಂದೆ. ಹತ್ತು ನಿಮಿಷ ಎಲ್ಲ ಸುಗಮ. ಬಾನೆಟ್ಟಿನ ನಡುವಿನ ಏಣಿನ ಮೇಲೆ ಪ್ಯಾಡ್ ಎರಡು ಸೆಕೆಂಡ್ ಜಾಸ್ತಿ ನಿಂತಿತು. ತೆಗೆದು ನೋಡಿದರೆ ಕಡಲೆಬೇಳೆಯಷ್ಟು ಅಗಲಕ್ಕೆ ಬಣ್ಣದ ಅಡಿಯ ಬೂದು ಪದರ, ಪ್ರೈಮರ್, ಕಾಣುತ್ತಿತ್ತು. 70 ಮೈಕ್ರಾನ್‌ಗೂ ಕಡಿಮೆ ಅಂತ ಆ ಹುಡುಗ ಬೆರಳಿಟ್ಟು ತೋರಿಸಿದ್ದ ಜಾಗವೇ ಅದು.

ಏಣು, ಅಂಚು, ಮೂಲೆಗಳಲ್ಲಿ ಬಣ್ಣ ಮೊದಲೇ ತೆಳುವಾಗಿರುತ್ತದೆ. ಒತ್ತಡ, ಬಿಸಿ ಎರಡೂ ಅಲ್ಲೇ ಬೀಳುತ್ತದೆ. ಮಷೀನ್ ಹಿಡಿಯುವುದಾದರೆ ಮೊದಲು ಇವುಗಳ ಮೇಲೆಲ್ಲ ಮಾಸ್ಕಿಂಗ್ ಟೇಪ್ ಅಂಟಿಸಿ. ಆ ಟೇಪ್ ಹುಟ್ಟಿದ್ದೇ ಕಾರುಗಳಿಗಾಗಿ, 1925ರಲ್ಲಿ, ಎರಡು ಬಣ್ಣದ ಕಾರುಗಳಿಗೆ ನೇರ ಗೆರೆ ಹೊಡೆಯಲು. ರೋಟರಿ ಬದಲು, ಪ್ಯಾಡ್ ತಿರುಗುತ್ತಲೇ ಆಚೀಚೆ ಅಲುಗುವ ಡ್ಯುಯಲ್ ಆಕ್ಷನ್ ಮಷೀನ್ ಸಿಕ್ಕರೆ ಅದನ್ನೇ ಬಳಸಿ, ಒಂದೇ ಕಡೆ ಅಷ್ಟು ಬಿಸಿ ಏರುವುದಿಲ್ಲ. ನಾನು ಮಷೀನನ್ನು ಅವತ್ತೇ ವಾಪಸ್ ಕೊಟ್ಟೆ. ಮಾವನಿಗೆ ಹೇಳಲು ಒಂದು ದಿನ ಧೈರ್ಯ ಬರಲಿಲ್ಲ. ಹೇಳಿದಾಗ ಅವರು ಬಂದು ಆ ಜಾಗವನ್ನು ಹೆಬ್ಬೆರಳಿನಿಂದ ಹುಡುಕಿ, ಬಹಳ ಹೊತ್ತು ಅಲ್ಲೇ ಬೆರಳಿಟ್ಟು ನಿಂತರು. "ಹೋಗ್ಲಿ ಬಿಡು, ತುಕ್ಕು ಹಿಡಿಯೋಕೆ ಮುಂಚೆ ಬಣ್ಣ ಮುಟ್ಟಿಸು" ಅಂದರು.

ಬಣ್ಣ ಬೆರೆಸುವ ಅಂಗಡಿಗೆ ಸಂಕೇತ ಸಂಖ್ಯೆ ತಗೊಂಡು ಹೋದೆ. ಅಷ್ಟು ಹಳೆಯ ಸಂಖ್ಯೆ ಅವರ ಕಂಪ್ಯೂಟರಿನಲ್ಲಿ ಇರಲಿಲ್ಲ. ಕಾರಿನದೇ ಒಂದು ತುಂಡು ತನ್ನಿ, ಸ್ಕ್ಯಾನ್ ಮಾಡ್ತೀವಿ ಅಂದರು. ಪೆಟ್ರೋಲ್ ಟ್ಯಾಂಕಿನ ಮೇಲಿನ ಚಿಕ್ಕ ಬಾಗಿಲು ಎರಡು ಸ್ಕ್ರೂ ತೆಗೆದರೆ ಕೈಗೆ ಬರುತ್ತದೆ. ಅದನ್ನು ಕೊಟ್ಟೆ. ನೆನಪಿಡಿ, ಬಣ್ಣ ಹೊಂದಿಸುವುದು ಪಾಲಿಶ್ ಆದ ಮೇಲೆ. ಬಿಳಿಚಿದ ಸ್ಥಿತಿಯಲ್ಲಿ ಹೊಂದಿಸಿದರೆ ಗುಲಾಬಿಗೆ ಹೊಂದುವ ಬಣ್ಣ ಕೊಡುತ್ತಾರೆ, ಪಾಲಿಶ್ ಆದ ಮೇಲೆ ಅದು ಮಚ್ಚೆಯ ಹಾಗೆ ಕಾಣುತ್ತದೆ. ಸಣ್ಣ ಬಾಟಲಿ ಬರಲು ಹನ್ನೆರಡು ದಿನ. ಬ್ರಷ್ ಬದಲು ಕಡ್ಡಿಯ ತುದಿಯಲ್ಲಿ ಹನಿ ಹನಿಯಾಗಿ ಮೂರು ಸಲ ಇಟ್ಟೆ, ಒಂದೊಂದರ ನಡುವೆ ಒಂದು ದಿನ ಬಿಟ್ಟು. ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ. ಗೊತ್ತಾಗಲಿ.

ಆ ಹನ್ನೆರಡು ದಿನದಲ್ಲಿ ಉಳಿದ ಭಾಗಕ್ಕೆಲ್ಲ ನಯವಾದ ಪಾಲಿಶನ್ನು ಕೈಯಲ್ಲೇ ಹಾಕಿದೆ, ಒಂದು ಸಲಕ್ಕೆ ಒಂದೂವರೆ ಅಡಿ ಚೌಕ. ಮೂರನೆಯ ದಿನ ಬಲ ಬಾಗಿಲಲ್ಲಿ ಹೊಸ ಗೀರುಗಳು ಕಂಡವು. ಹುಡುಕಿದರೆ ನನ್ನ ಬಟ್ಟೆಯಲ್ಲೇ ದೋಷ. ಹಳೆಯ ಹತ್ತಿ ಬನಿಯನ್ ಕತ್ತರಿಸಿ ಮಾಡಿಕೊಂಡಿದ್ದೆ, ಅದರ ಹೊಲಿಗೆ ಹಾಗೇ ಉಳಿದಿತ್ತು. ಹೊಲಿಗೆಯ ನೂಲು ಬಹುತೇಕ ನೈಲಾನೋ ಪಾಲಿಯೆಸ್ಟರೋ ಆಗಿರುತ್ತದೆ. ಹತ್ತಿ ಬಟ್ಟೆ ಬಳಸುವುದಾದರೆ ಹೊಲಿಗೆ, ಗುಂಡಿ, ಲೇಬಲ್ ಎಲ್ಲ ಕತ್ತರಿಸಿ ತೆಗೆಯಿರಿ. ಹಚ್ಚಲು ಹತ್ತಿ, ಒರೆಸಲು ಮೈಕ್ರೋಫೈಬರ್. ಕೊನೆಗೆ ನಾನು ನೆಚ್ಚಿಕೊಂಡಿದ್ದು ಇದನ್ನೇ.

ಬಣ್ಣದ ಹನಿ ಪೂರ್ತಿ ಗಟ್ಟಿಯಾಗಲಿ ಅಂತ ಒಂದು ವಾರ ಬಿಟ್ಟು, ಕೊನೆಗೂ ಮೇಣಕ್ಕೆ ಬಂದೆ.

ಬೆಳಿಗ್ಗೆ ಏಳಕ್ಕೆ ಕಾರನ್ನು ನೆರಳಿಗೆ ತಂದೆ. ಬಾನೆಟ್ ಮೇಲೆ ಹಿಂಗೈ ಇಟ್ಟು ನೋಡಬೇಕು, ತಣ್ಣಗಿರಬೇಕು. ಬಿಸಿ ತಗಡಿಗೆ ಹಚ್ಚಿದರೆ ದ್ರಾವಕ ತಕ್ಷಣ ಆರಿ ಮೇಣ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಆಮೇಲೆ ಒರೆಸುವಷ್ಟರಲ್ಲಿ ಸಾಕುಸಾಕಾಗುತ್ತದೆ. ಮಾವನಿಗೆ ಪಕ್ಕದಲ್ಲಿ ಕುರ್ಚಿ ಹಾಕಿದೆ. ಡಬ್ಬಿ ಅವರ ಕೈಯಲ್ಲಿ. ಹೊಸ ಡಬ್ಬಿಗೆ ತಿರುಗಿಸುವ ಕಿವಿ ಇಲ್ಲ, ಪ್ಲಾಸ್ಟಿಕ್ ಮುಚ್ಚಳ. ಆದರೆ ತೆರೆದ ತಕ್ಷಣ ಅದೇ ವಾಸನೆ ಬಂತು. ಮಾವ ಮೂಗಿನ ಹತ್ತಿರ ಹಿಡಿದು ಉಸಿರೆಳೆದುಕೊಂಡರು.

ಮೊದಲ ಸಲ ನಾನು ಹಚ್ಚಿದ್ದು ಜಾಸ್ತಿಯಾಯಿತು. ಎಲ್ಲರೂ ಮಾಡುವ ತಪ್ಪು ಇದು. ದಪ್ಪಗೆ ಹಚ್ಚಿದರೆ ರಕ್ಷಣೆ ಜಾಸ್ತಿ ಅನ್ನಿಸುತ್ತದೆ, ಅಲ್ವಾ? ಬಣ್ಣಕ್ಕೆ ಹಿಡಿಯುವುದು ಒಂದು ತೆಳ್ಳನೆಯ ಪದರ ಮಾತ್ರ. ಮಿಕ್ಕಿದ್ದೆಲ್ಲ ಬಟ್ಟೆಗೆ ಹೋಗುತ್ತದೆ, ಸುಮ್ನೆ ದಂಡ. ಮಾವ ಬಟ್ಟೆಯ ಸದ್ದು ಕೇಳಿಯೇ, "ಜಾರ್ತಾ ಇದೆ, ಕಡಿಮೆ ತಗೋ" ಅಂದರು. ಸರಿಯಾಗಿ ಹಚ್ಚಿದಾಗ ಬಟ್ಟೆ ಸ್ವಲ್ಪ ಹಿಡಿದು ಹಿಡಿದು ಹೋಗುತ್ತದೆ. ಒದ್ದೆ ಮಾಡಿ ಹಿಂಡಿದ ಬಟ್ಟೆ, ಡಬ್ಬಿಯಲ್ಲಿ ಒಂದು ಸುತ್ತು, ಅಷ್ಟರಲ್ಲಿ ಅರ್ಧ ಬಾಗಿಲು ಆಗಬೇಕು. ಬಣ್ಣದ ಮೇಲೆ ಉಸಿರಿನ ಮಂಜು ಕೂತಷ್ಟು ಕಂಡರೆ ಸಾಕು.

ಆಮೇಲೆ ಕಾಯುವುದು. ಅವತ್ತು ಮೋಡ ಮುಸುಕಿ ಗಾಳಿಯಲ್ಲಿ ತೇವ ಇತ್ತು. ಹದಿನೈದು ನಿಮಿಷಕ್ಕೆ ಒಣಗಬೇಕಾದದ್ದು ಮುಕ್ಕಾಲು ಗಂಟೆ ಹಿಡಿಯಿತು. ಗಡಿಯಾರ ನೋಡಿ ಒರೆಸಬೇಡಿ. ಬೆರಳಿನಿಂದ ಒಂದು ಗೆರೆ ಎಳೆಯಿರಿ. ಗೆರೆಯ ಜಾಗದಲ್ಲಿ ಬಣ್ಣ ನಿಚ್ಚಳವಾಗಿ ಕಂಡರೆ ಆಗಿದೆ, ಎಣ್ಣೆ ಸವರಿದ ಹಾಗೆ ಮಸುಕಾದರೆ ಇನ್ನೂ ಇಲ್ಲ. ನಾನು ಆತುರಪಟ್ಟು ಎಡ ಮಡ್‌ಗಾರ್ಡ್ ಮುಂಚೆಯೇ ಒರೆಸಿದೆ. ಮೇಣ ಎಳೆದಾಡಿ ಕಾಮನಬಿಲ್ಲಿನಂಥ ಗೆರೆಗಳಾದವು. ಅದೊಂದನ್ನೇ ಮತ್ತೆ ಹಚ್ಚಬೇಕಾಯಿತು. ಬಂಪರಿನ ಕಪ್ಪು ಪ್ಲಾಸ್ಟಿಕ್ ಅಂಚಿಗೆ ಸ್ವಲ್ಪ ತಾಗಿ ಬಿಳಿ ಕಲೆಯಾಗಿತ್ತು, ಪೆನ್ಸಿಲ್ ರಬ್ಬರಿನಿಂದ ಉಜ್ಜಿದರೆ ಹೋಯಿತು.

ಬಾನೆಟ್ ಒರೆಸುವುದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಒಂದು ಮೂಲೆಯಿಂದ ಒರೆಸುತ್ತ ಬಂದೆ. ಬಿಳಿ ಮಬ್ಬಿನ ಅಡಿಯಿಂದ ಮೊದಲು ಕೆಂಪು, ಆಮೇಲೆ ಆ ಕೆಂಪಿನೊಳಗೆ ಮೇಲಿನ ಕೊಂಬೆಯ ಎಲೆಗಳು, ಆಮೇಲೆ ನನ್ನ ಮುಖ. ಪ್ರತಿಬಿಂಬಕ್ಕೆ ಒಂದು ಆಳ ಇತ್ತು, ಬಾವಿಯೊಳಗೆ ಇಣುಕಿದ ಹಾಗೆ. ಹೊಸ ಕೋಟಿಂಗಿನ ಹೊಳಪು ನಾನೂ ನೋಡಿದ್ದೇನೆ. ಅದು ಗಾಜಿನ ಹೊಳಪು, ಚೆನ್ನಾಗಿಯೇ ಇರುತ್ತದೆ. ಆದರೆ ಹಳೆಯ ಕೆಂಪಿಗೆ ಮೇಣ ಕೊಡುವ ಈ ಬೆಚ್ಚನೆಯ ಹೊಳಪೇ ನನಗೆ ಬೇಕಾಗಿತ್ತು.

ಕ್ರೋಮ್ ಬಂಪರಿನ ಮೇಲಿನ ಸಣ್ಣ ತುಕ್ಕಿನ ಚುಕ್ಕೆಗಳಿಗೆ ಅಲ್ಯೂಮಿನಿಯಂ ಫಾಯಿಲ್ ಮುದ್ದೆ ಮಾಡಿ ನೀರಲ್ಲಿ ಅದ್ದಿ ಉಜ್ಜಿದೆ. ಫಾಯಿಲ್ ಕ್ರೋಮಿಗಿಂತ ಮೆತ್ತಗೆ, ಹಾಗಾಗಿ ಗೀರು ಬೀಳುವುದಿಲ್ಲ. ಗಾಜಿಗೆ ಬರೀ ನೀರು, ಸ್ವಚ್ಛ ಬಟ್ಟೆ.

ಖರ್ಚಿನ ಮಾತು ಎಲ್ಲರೂ ಕೇಳುತ್ತಾರೆ. ಗ್ಲೇಜ್, ಪಾಲಿಶ್, ಮೇಣ, ಕ್ಲೇ, ಬಟ್ಟೆಗಳು, ಬಣ್ಣದ ಬಾಟಲಿ ಎಲ್ಲ ಸೇರಿ, ಅಂಗಡಿಯವರು ಸೆರಾಮಿಕ್‌ಗೆ ಬರೆದುಕೊಟ್ಟಿದ್ದರ ಹತ್ತರಲ್ಲಿ ಒಂದು ಪಾಲು ಆಯಿತು. ಜಾಸ್ತಿ ಹೋಗಿದ್ದು ಬಟ್ಟೆಗೆ. ಕೆಂಪು ಪುಡಿ ಹತ್ತಿದ ಬಟ್ಟೆಯನ್ನು ಮತ್ತೆ ಮೇಣಕ್ಕೆ ಬಳಸಲು ಬರುವುದಿಲ್ಲ, ಮೂವತ್ತಕ್ಕೂ ಹೆಚ್ಚು ಬೇಕಾಯಿತು. ಮೇಣ ಅರ್ಧ ಡಬ್ಬಿಯೂ ಖರ್ಚಾಗಿಲ್ಲ. ಆದರೆ ನನ್ನ ಕೈಯ ಕೆಲಸ 41 ಗಂಟೆ, ಬರೆದಿಟ್ಟುಕೊಂಡಿದ್ದೇನೆ. ದಿನಾ ಬಿಸಿಲಲ್ಲಿ ನಿಲ್ಲಿಸುವ, ಕ್ಲಿಯರ್ ಕೋಟ್ ಇರುವ ಹೊಸ ಕಾರಿಗೆ ಇಷ್ಟು ಮಾಡಿ ಅಂತ ನಾನು ಹೇಳುವುದಿಲ್ಲ. ಅದಕ್ಕೆ ಅಂಗಡಿಯವರ ದಾರಿಯೇ ಸರಿ. ಕ್ಲಿಯರ್ ಕೋಟ್ ಇಲ್ಲದ ಹಳೆಯ ಕಾರಿದ್ದರೆ ಮಾತ್ರ, ಹೊಸ ಬಣ್ಣ ಹೊಡೆಸುವ ಮುಂಚೆ ಒಂದು ರಾತ್ರಿ ಬಾನೆಟ್ಟಿಗೆ ಗ್ಲೇಜ್ ಹಚ್ಚಿ ನೋಡಿ. ಒಂದೇ ಒಂದು ರಾತ್ರಿ.

ನಿನ್ನೆ ಎಲ್ಲ ಮುಗಿಸಿ ಬಟ್ಟೆ ಮಡಚುತ್ತಿದ್ದೆ. ಮಾವ ಎದ್ದು ಬಂದು, ಎಡಗೈಯನ್ನು ಕಾರಿನ ಮೇಲೆ ಇಟ್ಟುಕೊಂಡೇ ಒಂದು ಸುತ್ತು ಹಾಕಿದರು. ಛಾವಣಿ, ಬಾಗಿಲು, ನಾನು ಸುಟ್ಟ ಏಣು, ಎಲ್ಲ ಸವರಿದರು. ಏನೂ ಹೇಳಲಿಲ್ಲ. ಡಿಕ್ಕಿಯ ಹತ್ತಿರ ನಿಂತು, ಕೀಲಿ ಹಾಕುವ ರಂಧ್ರದ ಸುತ್ತ ಉಗುರು ಆಡಿಸಿದರು. ಉಗುರನ್ನು ನನ್ನ ಕಡೆಗೆ ಚಾಚಿದರು. ತುದಿಯಲ್ಲಿ ಒಂದಿಷ್ಟು ಬಿಳಿ ಪುಡಿ.

"ಇಲ್ಲಿ ಮೇಣ ಉಳಿದಿದೆ ಪುಟ್ಟಾ. ಹಳೇ ಟೂತ್ ಬ್ರಷ್ ಇದ್ದರೆ ತಗೊಂಡು ಬಾ."

ತರಲು ಒಳಗೆ ಹೋದೆ.